ವಿಶೇಷ ಬೇಡಿಕೆಗಳಿದ್ದರೆ ಇಲ್ಲಿ ಬರೆಯಿರಿ

ಎರಡು ರಾತ್ರಿ, ಮೂರು ಹಗಲು.
ಹಗಲು ಅನ್ನುವುದೂ ಹೆಸರಿಗಷ್ಟೇ:
ನವೆಂಬರಿನ ಕೊನೆಗೆ ಸ್ಟಾಕ್‌ಹೋಮಿನಲ್ಲಿ
ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚುತ್ತಾರೆ.
"ಹಾಗಾದರೆ ನೋಡುವುದೇನನ್ನು?" ಅಂದ ಹೋಕನ್.
"ದೀಪಗಳನ್ನು," ಅಂದೆ.
ಅದನ್ನೂ ಬರೆದುಕೊಂಡ.

ಅಡುಗೆಮನೆಯ ಮೇಜಿನ ಮೇಲೆ ಚೌಕಳಿ ಕಾಗದ,
ಕಿವಿಗೆ ಸಿಕ್ಕಿಸಿದ ಪೆನ್ಸಿಲು.
ಇಪ್ಪತ್ತಾರು ಚಳಿಗಾಲ ಓಸ್ಟರ್‌ಸುಂಡಿನ ರಸ್ತೆಗಳಿಂದ
ಹಿಮ ಗೋರಿದ ಗಂಡಸು
ಪ್ರೇಮದ ಪ್ರವಾಸಕ್ಕೂ ಪಾಳಿಯ ಪಟ್ಟಿಯ ಹಾಗೆ
ಗೆರೆ ಎಳೆಯುತ್ತಾನೆ:
ಬೆಳಗ್ಗೆ ರೈಲು, ನಡುಹಗಲಿಗೆ ಇಳಿಯುವುದು,
ಒಂದರಿಂದ ಎರಡರ ತನಕ ಸುಮ್ಮನೆ ನಡೆಯುವುದು.
ಆ 'ಸುಮ್ಮನೆ'ಯ ಕೆಳಗೆ ಎರಡು ಗೆರೆ.

ನಾನು ಶಾಲೆಯ ಅಡುಗೆಯವಳು.
ನಾನೂರು ಮಕ್ಕಳ ಆಲೂಗಡ್ಡೆ ಲೆಕ್ಕ
ಕಣ್ಣಳತೆಯಲ್ಲೇ ಮುಗಿಸುವವಳಿಗೆ
ಇಬ್ಬರಿಗೆ ಎಷ್ಟು ಬೇಕೆಂಬುದು ಮಾತ್ರ ಹತ್ತುತ್ತಿಲ್ಲ.
ಒಂದು ಏಲಕ್ಕಿ ಬನ್ನು, ಎರಡು ಕಾಫಿ.
ಅವನು ಬೆಲೆ ನೋಡಿ ಕನ್ನಡಕ ತೆಗೆದ,
ಒರೆಸಿ ಹಾಕಿಕೊಂಡ. ಬೆಲೆ ಅಷ್ಟೇ ಇತ್ತು.
"ಫ್ಲಾಸ್ಕಿನಲ್ಲಿ ಒಯ್ಯೋಣ?"
"ಒಯ್ಯಕೂಡದು."

ಅವನ ಪಾಳಿಗೆ ತೆವೆಲ್ದೆ ಒಪ್ಪಿದ್ದಾನೆ,
ಎರಿಟ್ರಿಯಾದ ಹುಡುಗ, ಬರುವಾಗ ಹಿಮ ಕಂಡವನಲ್ಲ,
ಹೋಕನ್‌ನೇ ಕಲಿಸಿದ್ದು.
ಫೋನಿನಲ್ಲಿ ನಾಲ್ಕನೇ ಸಲ ಹೇಳುತ್ತಾನೆ:
ಸೇತುವೆಯ ಹತ್ತಿರ ಬ್ಲೇಡು ಎತ್ತು, ಮರೆಯಬೇಡ.
ಆ ಕಡೆಯಿಂದ ನಗು:
ನೀವು ಹೊರಡಿ ಸಾರ್, ಹಿಮ ಎಲ್ಲಿಗೂ ಓಡಿಹೋಗಲ್ಲ.

ಯಾಕೆ ಈಗ, ಎಂದು ಕೇಳಿದ್ದಳು ನಾದಿನಿ.
ಅಗ್ಗದಲ್ಲಿ ಕೋಣೆ ಸಿಕ್ಕಿತು ಅಂದೆ.
ಮಾರ್ಚಿಯಲ್ಲಿ ಹನ್ನೊಂದು ರಾತ್ರಿ
ಅವನು ಡಿಪೋದ ಬೆಂಚಿನ ಮೇಲೆ ಮಲಗಿದ್ದ.
ಆ ಹನ್ನೊಂದು ರಾತ್ರಿ
ಹಿಮ ಬಿದ್ದಿರಲಿಲ್ಲ.

ಕೊನೆಗೆ ಹೋಟೆಲಿನ ಅರ್ಜಿ.
ಹೆಸರು, ಬರುವ ಹೊತ್ತು, ಕಿಟಕಿ ಬೀದಿಗೋ ಹಿತ್ತಲಿಗೋ;
ಕೆಳಗೊಂದು ಖಾಲಿ ಚೌಕ:
ವಿಶೇಷ ಬೇಡಿಕೆಗಳಿದ್ದರೆ ಇಲ್ಲಿ ಬರೆಯಿರಿ.

ನಮ್ಮಲ್ಲಿ ಜೋಡಿ ಹಾಸಿಗೆಗೆ ಎರಡು ಹೊದಿಕೆ.
ನಿನ್ನದು ನಿನಗೆ, ನನ್ನದು ನನಗೆ,
ಎಳೆದಾಟವಿಲ್ಲ, ತಕರಾರಿಲ್ಲ,
ಜಾಣರು ಮಾಡಿದ ಏರ್ಪಾಡು.
ಆದರೆ ನಡುವೆ ಒಂದು ಸಣ್ಣ ಕಣಿವೆ ಉಳಿಯುತ್ತದೆ.
ನಡುರಾತ್ರಿ ಕೈಯೊಂದು ಹೊರಟರೆ
ಅಲ್ಲಿಯ ತಣ್ಣನೆ ತಾಗಿ
ಏನೋ ಮರೆತಂತೆ ವಾಪಸು ಬರುತ್ತದೆ.
ಅವನ ಕೈಯೂ ಹಾಗೆ ಬಂದಿರಬಹುದು.
ಕೇಳಿಲ್ಲ.

ಬರೆದೆ: ಒಂದೇ ಹೊದಿಕೆ ಇಡಿ. ದೊಡ್ಡದು.

ಹೋಕನ್ ಭುಜದ ಮೇಲಿಂದ ಓದಿದ.
ಮೈನಸ್ ಇಪ್ಪತ್ತರಲ್ಲೂ ಬಣ್ಣ ಬದಲಿಸದ ಕಿವಿಗಳು
ಕೆಂಪಗಾದವು.
"ಅವರು ಏನಂದುಕೊಳ್ಳುತ್ತಾರೆ ಉಲ್ರಿಕಾ?"
"ಗಂಡ ಹೆಂಡತಿ ಅಂದುಕೊಳ್ಳುತ್ತಾರೆ."
"ನನ್ನ ಕಾಲು ಹೊರಗೆ ಬರುತ್ತೆ."
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ ಹಿರಿಯರು.
ಹೊದಿಕೆಯ ವಿಚಾರ ಯಾರೂ ಹೇಳಿಲ್ಲ.
"ಕಾಲುಚೀಲ ಹಾಕಿಕೋ," ಅಂದೆ,
ಒತ್ತಿಬಿಟ್ಟೆ ಗುಂಡಿ.

ಮರುದಿನ ಉತ್ತರ ಬಂತು,
ಯಾರೋ ಶಾಹಿನ್ ಎಂಬವಳ ಸಹಿ:
ಖಂಡಿತ. ಒಂದೇ, ದೊಡ್ಡದು.
ಇನ್ನೊಂದನ್ನು ಕಪಾಟಿನಲ್ಲಿ ಇಟ್ಟಿರುತ್ತೇವೆ,
ಬೇಕಾದೀತು.

ಗಟ್ಟಿಯಾಗಿ ಓದಿ ಹೇಳಿದೆ.
ಅವನು ಕಿಟಕಿಯಲ್ಲಿ ನಿಂತು ಮೋಡ ನೋಡುತ್ತಿದ್ದ,
ಸರೋವರದ ಆಚೆ ಬೂದಿ ಬಣ್ಣದ್ದು, ಹೊಟ್ಟೆ ತುಂಬಿದ್ದು,
ಇಂದೋ ನಾಳೆಯೋ ಸುರಿಯುವಂಥದ್ದು.
ಬಹಳ ಹೊತ್ತು ಮಾತಿಲ್ಲ.
ಕಾಫಿ ಆರಿತು.
ಆಮೇಲೆ ತಿರುಗದೆಯೇ,
ರಸ್ತೆಯ ವಿಷಯ ವಿಚಾರಿಸುವ ದನಿಯಲ್ಲಿ,
"ಆ ಕಪಾಟಿಗೆ ಬೀಗ ಇರುತ್ತದೆಯೇ,
ಒಂದು ಸಲ ಕೇಳಿಬಿಡು," ಅಂದ.