ನಡಾವಳಿಯಲ್ಲಿ ಬರೆಯದೆ ಬಿಟ್ಟದ್ದು

ಸ್ಕಾಲವೇ ದ್ವೀಪ, ಸ್ಕಾಟ್ಲೆಂಡಿನ ಪಡುವಣ ಅಂಚು.
ಹಾಜರಿದ್ದವರು ಒಂಬತ್ತು ಮಂದಿ, ಒಂದು ನಾಯಿ.
ನಾಯಿಯನ್ನು ಬರೆಯಲಿಲ್ಲ.
ಬರಲಾಗದವರು: ಮರ್ಡೀನಾ, ಕುರಿ ಈಯುವ ಹೊತ್ತು;
ಫಿನ್ಲೆ, ಗಾಳಿಗೆ ಹಡಗು ನಿಂತು
ಮೂರು ದಿನದಿಂದ ಆಚೆ ದಡದಲ್ಲೇ.

ಸಭೆಗೆ ಮೊದಲು ಬಕೆಟ್ಟುಗಳನ್ನು ಇಟ್ಟೆವು.
ವೇದಿಕೆಯ ಮೇಲೆ ಎರಡು, ಪಿಯಾನೋ ಪಕ್ಕ ಒಂದು,
ಬಾಗಿಲ ಬಳಿ ಹಳೆಯ ಹಾಲಿನ ಕ್ಯಾನು.
ತಗಡಿನ ಮಾಡು ಒಂದೊಂದರಲ್ಲಿ ಒಂದೊಂದು ಶ್ರುತಿ ಹಿಡಿಯುತ್ತದೆ.
ಹನಿಗೂಡಿದರೆ ಹಳ್ಳ ಎಂಬ ಮಾತನ್ನು
ಈ ಭವನ ಐವತ್ತು ವರ್ಷದಿಂದ ನೆಲದ ಮೇಲೆ ತೋರಿಸುತ್ತಿದೆ,
ಖಜಾಂಚಿಯ ಪುಸ್ತಕದಲ್ಲಿ ಮಾತ್ರ ಇನ್ನೂ ಹನಿ.

ಟಾರ್ಕ್ವಿಲ್ ಲೆಕ್ಕ ಓದಿದ:
ಸೂಪು ಮಾರಿದ್ದು ನೂರಾ ಹನ್ನೆರಡು ಪೌಂಡು,
ಹಳೆ ಬಟ್ಟೆ ಮಾರಿದ್ದು ಮೂವತ್ತೊಂದು
(ಕೊಂಡದ್ದೂ ನಾವೇ, ಕೊಟ್ಟದ್ದೂ ನಾವೇ;
ನನ್ನ ಗಂಡನ ಕೋಟು ಮರಳಿ ಮನೆಗೇ ಬಂತು),
ಯಾರೋ ಡಬ್ಬಿಗೆ ಹಾಕಿದ ನಾರ್ವೆಯ ನಾಣ್ಯ ಒಂದು.
ಆಮೇಲೆ ಅಂದಾಜು ವೆಚ್ಚ:
ಒಂಬತ್ತು ಲಕ್ಷದ ನಲವತ್ತು ಸಾವಿರ.
ಸೊನ್ನೆಗಳನ್ನು ಅವನು ಒಂದೊಂದಾಗಿ ಎತ್ತಿದ,
ಬುಟ್ಟಿಯಿಂದ ಏಡಿ ಎತ್ತುವ ಹಾಗೆ, ಬೆರಳು ಜೋಪಾನ.

ನಿಧಿ ಕೊಡುವವರ ಅರ್ಜಿ ಹದಿನಾಲ್ಕು ಪುಟ.
ವಾರಕ್ಕೆ ಎಷ್ಟು ಮಂದಿ ಬಳಸುತ್ತಾರೆ?
ದ್ವೀಪದಲ್ಲಿ ಇರುವುದೇ ಎಪ್ಪತ್ತೊಂದು ಜನ.
ಮಂಗಳವಾರ ನರ್ಸು, ಗುರುವಾರ ನಾಲ್ಕು ಮಕ್ಕಳ ವ್ಯಾಯಾಮ,
ಶನಿವಾರ ಅಕಾರ್ಡಿಯನ್ನಿನವನಿಗೆ ಮನಸ್ಸಿದ್ದರೆ ಕುಣಿತ.
ಹೋದ ಮಾರ್ಚಿಯಲ್ಲಿ ಕ್ಯಾಲಮ್‌ನ ಮಣ್ಣಾದ ದಿನ
ಇನ್ನೂರು ಮಂದಿಗೆ ಇಲ್ಲೇ ಚಹಾ ಕೊಟ್ಟೆವು,
ಕಪ್ಪು ಸಾಲದೆ ಜಾಮಿನ ಶೀಶೆಗಳಲ್ಲಿ.
ಆ ಇನ್ನೂರನ್ನು ತುಂಬಲು ಅರ್ಜಿಯಲ್ಲಿ ಚೌಕವಿಲ್ಲ.
ಅಗತ್ಯವನ್ನು ಐನೂರು ಅಕ್ಷರದೊಳಗೆ ವಿವರಿಸಿ, ಎಂದಿತ್ತು.
ನಾನು ಐನೂರಾ ಎರಡು ಬರೆದು
ಎರಡನ್ನು ಹುಡುಕಿ ಅಳಿಸುವಷ್ಟರಲ್ಲಿ ಬೆಳಗಾಯಿತು.

ಇನ್ವರ್ನೆಸ್ಸಿನಿಂದ ಬಂದ ಎಂಜಿನಿಯರ್ ಹುಡುಗಿ ನಕ್ಷೆ ಹರಡಿದಳು.
ನೀಲಿ ಗೆರೆ ಈಗಿನ ಕಡಲು.
ಕೆಂಪು ಗೆರೆ ಮೂವತ್ತು ವರ್ಷದಾಚೆಯ ಕಡಲು.
ಕೆಂಪು, ನಾವು ಕೂತ ಬೆಂಚುಗಳ ನಡುವೆ ಹಾದು
ಪಿಯಾನೋದ ಎಡಗಾಲು ಮುಟ್ಟಿತ್ತು.
ಈ ಜಾಗಕ್ಕೆ ಯಾರೂ ಕಾಸು ಬಿಚ್ಚುವುದಿಲ್ಲ, ಎಂದಳು.
ನಾಯಿ ಎದ್ದು ಹೋಗಿ ಒಲೆಯ ಹತ್ತಿರ ಮಲಗಿತು.

ಮೇಲೆ, ರಸ್ತೆಯಾಚೆ, ಒಣಗಿದ ಸಮತಟ್ಟು ಒಂದೇ,
ಎಫಿಯ ಆಲೂಗಡ್ಡೆ ಹೊಲ.
ರಜಾಮನೆ ಕಟ್ಟುವವನು ಎರಡು ಸಲ ಕೇಳಿ
ಎರಡು ಸಲವೂ ಬರಿಗೈಲಿ ಹಿಂದಿರುಗಿದ್ದಾನೆ.
ಸಮಿತಿಯೊಡನೆ ಎಫಿ ಮಾತು ಬಿಟ್ಟು ಹನ್ನೊಂದು ವರ್ಷ,
ಕಾರಣ ಒಂದು ಚಹಾಪಾತ್ರೆ, ಅದರ ಮುಚ್ಚಳ.
ಹಿಂದಿನ ಬೆಂಚಿನಿಂದ ಎದ್ದಳು. ನಕ್ಷೆ ನೋಡಲಿಲ್ಲ.
“ಮಾರುವುದಿಲ್ಲ. ಗುತ್ತಿಗೆ.
ವರ್ಷಕ್ಕೆ ಎರಡು ಚೀಲ ಕಲ್ಲಿದ್ದಲು.
ಅಡುಗೆಮನೆಯ ಕಿಟಕಿ ನನ್ನ ಮನೆಯ ಕಡೆಗಿರಲಿ,
ದೀಪ ಹತ್ತಿದ್ದು ಕಾಣಬೇಕು. ಯಾರು ಬಂದರೆಂದೂ.”

ಹುಡುಗಿ ಮೆಲ್ಲಗೆ ಅಂದಳು, ವಿನ್ಯಾಸದಲ್ಲಿ ಇಡೀ ಗೋಡೆ ಗಾಜು,
ಪಡುವಣಕ್ಕೆ, ಕಡಲ ನೋಟಕ್ಕೆ.
ಎಫಿಯ ನಗುವಿಗೆ ಕ್ಯಾನೊಳಗಿನ ನೀರೂ ನಡುಗಿತು.
“ಕಡಲು ನೋಡಲು ಮನೆ ಸಾಕು ಮಗಳೇ, ದಡ ಸಾಕು, ನಿದ್ದೆ ಸಾಕು.
ಅದಕ್ಕೆ ಬೆನ್ನು ಹಾಕಿ ನಾಲ್ಕು ತಾಸು ಕೂರಲಿಕ್ಕೇ
ಊರಿಗೊಂದು ಭವನ ಬೇಕಾಗುವುದು.”

ಪರ ಎಂಟು. ವಿರೋಧ ಇಲ್ಲ. ನಿದ್ದೆ ಒಂದು.
ಹಳೆಯ ಭವನವನ್ನು ಏನು ಮಾಡುವುದು: ಮುಂದೂಡಲಾಗಿದೆ.
ಮುಂದಿನ ಸಭೆ ಹದಿನೇಳಕ್ಕೆ, ಹಡಗು ಬಂದರೆ.
ಚಹಾಪಾತ್ರೆಯ ಮುಚ್ಚಳದ ವಿಚಾರ ಯಾರೂ ಎತ್ತಲಿಲ್ಲ;
ಎಫಿ ಹೋಗುವಾಗ ಕೋಟಿನ ಜೇಬಿನಿಂದ ತೆಗೆದು
ಮೇಜಿನ ಮೇಲೆ ಇಟ್ಟಳು.

ಕೊನೆಗೆ ಉಳಿದವಳು ನಾನು, ಬಕೆಟ್ಟು ಚೆಲ್ಲಲು.
ಬಾಗಿಲು ತೆರೆದರೆ ಕತ್ತಲು, ಉಪ್ಪು, ಸದ್ದು.
ನಾಲ್ಕನೆಯದನ್ನು ಚೆಲ್ಲಿ ಒಳಬರುವಷ್ಟರಲ್ಲಿ
ಮೊದಲನೆಯದರಲ್ಲಿ ಆಗಲೇ ಬೆರಳಗಲ ನೀರು.