ಗಿರಣಿ ಚಾಲೂ ಆಗೂ ಮುಂಚೆ

ವಾಸ್ಕೋದ ಬೈನಾದಾಗ, ಇಳಿಜಾರು ಗಲ್ಲಿಯೊಳಗ
ನಂದೊಂದು ಹಿಟ್ಟಿನ ಗಿರಣಿ.
ಹಳೇ ಮೋಟರು, ಮ್ಯಾಲೆ ತಗಡು.
ಎದುರಿನ ಖೋಲಿಯ ಭರಮಪ್ಪಗ ಇಪ್ಪತ್ತಾರು ವರ್ಷ,
ಮಾತು ನಾಲ್ಕು.
ನೀರು. ಬ್ಯಾಡ. ಅವ್ವ. ಲಾರಿ.

ನನ್ನ ಶಟರಿಗೆ ಕಲ್ಲು ಒಗೀತಿದ್ದ.
ಒಮ್ಮೆ ಯಾರದೋ ಜೋಳದ ಡಬ್ಬಿ ಬೋರಲು ಹಾಕಿದ.
ತನ್ನ ಮುಂಗೈ ತಾನೇ ಕಚ್ಚಿಕೊಂಡು
ರಕ್ತ ಬಂದರೂ ಬಿಡ್ತಿರಲಿಲ್ಲ.
"ಕಟ್ಟಿಹಾಕ್ರಿ ಅವನ್ನ" ಅಂದಿದ್ದೆ ಅವರವ್ವಗ.
ಅಂದಾವ ನಾನ. ಸುಳ್ಳು ಯಾಕ ಹೇಳಲಿ.
ಆಕಿ ಏನೂ ಅನಲಿಲ್ಲ, ಚೆಲ್ಲಿದ ಜೋಳ
ಸೆರಗಿನಾಗ ಬಳಕೊಂಡು ಹೋದ್ಲು.

ಆಮ್ಯಾಲೆ ಬಂದ್ಲು ಸುಲಕ್ಷಾ,
ಮಡಗಾಂವದಿಂದ, ಬುಧವಾರಕ್ಕೊಮ್ಮೆ,
ಹರಿದ ಚಪ್ಪಲಿಗೆ ಪಿನ್ನು ಹಾಕ್ಕೊಂಡು.
ಔಷಧ ತಂದಾಳೇನೋ ಅಂದ್ರ
ಚೀಲದಾಗ ಗೆರೆ ಹೊಡೆದ ಒಂದು ವಹಿ:
ಮೊದಲು ಏನಾತು.
ಆಗ ಅವ ಏನು ಮಾಡಿದ.
ಆಮ್ಯಾಲೆ ನೀವೇನು ಮಾಡಿದ್ರಿ.
ಅವರವ್ವಗ ಓದು ಬರಹ ಇಲ್ಲ,
ಬರೆಯೋ ಕೆಲಸ ನನ್ನ ಕೊರಳಿಗೆ ಬಿತ್ತು.
ಉದ್ರಿ ಬರೆದು ಪಳಗಿದ ಕೈಯಲ್ಲ!

ಮೂರು ವಾರ ಬರೆದೆ.
ಕಲ್ಲು, ಗಿರಣಿ ಚಾಲೂ.
ಕಚ್ಚಿದ್ದು, ಗಿರಣಿ ಚಾಲೂ.
ಮತ್ತ ಕಲ್ಲು, ಅವತ್ತು ಪಾವಿನವನ ಭೋಂಪು,
ಅದರ ಬೆನ್ನಿಗೇ ಗಿರಣಿ.
ಸುಲಕ್ಷಾ ತನ್ನ ಹರಕು ಕನ್ನಡದಾಗ ಕೇಳಿದ್ಲು:
"ಚಾಲೂ ಮಾಡೂದು ನಿಮಗ ಗೊತ್ತು, ಅಣ್ಣ.
ಅವನಿಗೆ ಯಾರು ಹೇಳಬೇಕು?"

ಈಗ ಮೊಳಿಗೆ ಹಳದಿ ಮುಚ್ಚಳ ಒಂದು ತೂಗತೈತಿ.
ಅದನ್ನ ತಿರುವಿದ ಮ್ಯಾಲೇ ನನ್ನ ಕೈ ಸ್ವಿಚ್ಚಿಗೆ.
ತಿರುವಾವ ಭರಮಪ್ಪ.
ಪಾವಿನವಗೂ ಹೇಳೇನಿ, ನಳದ ಸಾಲಿನ ಹೆಂಗಸರಿಗೂ;
ಕೆಲವರು ಕೇಳ್ತಾರ, ಕೆಲವರು ಮಾರಿ ತಿರುವತಾರ.

ಹೋದ ಶನಿವಾರ ಕರೆಂಟು ಹೋತು.
ಸ್ವಿಚ್ಚು ಆರಿಸೂದು ಮರೆತು
ಚಾ ಕುಡಿಯಾಕ ಹೋಗಿದ್ದೆ.
ಕರೆಂಟು ಬಂತು. ಗಿರಣಿ ತಾನೇ ಎದ್ದು ಒದರಿತು.
ಓಡಿ ಬಂದ್ರ
ಭರಮಪ್ಪನ ಹಲ್ಲಿನಾಗ ಅವನ ಮುಂಗೈ,
ಇನ್ನೊಂದು ಕೈ ಮುಚ್ಚಳ ಹಿಡಿದು
ತಿರುವಿದ್ದನ್ನೇ ತಿರುವಾಕತ್ತಿತ್ತು, ತಿರುವಾಕತ್ತಿತ್ತು.

ಬುಧವಾರ ವಹಿ ತಗದೆ.
ಮೊದಲು ಏನಾತು, ಅನ್ನೋ ಮನಿಯಾಗ
ನನ್ನ ಹೆಸರು ಬರೆದೆ,
ಉದ್ರಿ ಬರೆದಂಗ,
ಪೂರ್ತಿ ಹೆಸರು, ತಾರೀಖು ಸಮೇತ.