ಬೆಳೆ ಕಾಲಂ

ಅರಕೆರೆಯಾಚೆ, ಹೊಳೆದಂಡೆಗೆ
ಟೇಪು ಹಿಡಿದು ಹೋದವನು ನಾನು.
ಒಂದು ತುದಿ ನಿಂಗಾಜಮ್ಮನ ಕಾಲ ಹೆಬ್ಬೆರಳಡಿ,
ಇನ್ನೊಂದು ನನ್ನ ಜೊತೆ ಜೊಂಡಿನೊಳಗೆ,
ಮೊಣಕಾಲುದ್ದ ಕೆಸರಲ್ಲಿ.

ಎಂಟು ಗುಂಟೆ.
ಕಬ್ಬು ಹಾಕಿದ್ದರೆ ಎಷ್ಟು ಟನ್ನಾಗುತ್ತಿತ್ತೆಂದು
ಅವಳ ಮೈದುನ ಬದುವಿನ ಮೇಲೆ ನಿಂತು
ಬೆರಳು ಮಡಿಸಿ ಎಣಿಸುತ್ತಲೇ ಇದ್ದ:
"ನೀರ್ನಾಯಿ ಸಾಕಿ ಯಾರತ್ತಿಗೆ ಉದ್ಧಾರವಾದೋರು?"

"ಸಾಕ್ಲಿಲ್ಲ ಕಣಪ್ಪ,
ಇರಾಕೆ ಬುಟ್ಟಿವ್ನಿ, ಅಷ್ಟೆಯ."

ಹೊಳೆಮತ್ತಿಯ ಬೇರಿನ ಸಂದಿಯಲ್ಲಿ ಬಿಲ.
ಬಾಗಿಲಲ್ಲಿ ಮೀನಿನ ಹುರುಪೆ, ನಳ್ಳಿಯ ಚಿಪ್ಪು,
ಹಸಿ ಮಣ್ಣಲ್ಲಿ ಬಾಲ ಎಳೆದ ಗೀರು.
ಬೆಳಗಿನ ಜಾವ ಐದು ಬರುತ್ತವಂತೆ.
ಮೋಟಾರು ಹಾಕಲು ಬಂದವಳನ್ನು
ಕತ್ತು ನೀಡಿ ನೋಡಿ, ಸೀನಿದಂತೆ ಸದ್ದು ಮಾಡಿ
ಮುಳುಗುತ್ತವಂತೆ.
ನನಗೊಂದೂ ಕಾಣಲಿಲ್ಲ.

ಕೊಡುವ ಹಣ ಹೆಚ್ಚೇನಿಲ್ಲ. ಅದನ್ನು ಹೇಳುವಾಗ
ನಾನೇ ನೆಲ ನೋಡಿದೆ.
ವರ್ಷಕ್ಕೊಮ್ಮೆ, ಅದೂ ಮೇಲಿಂದ ಬಂದರೆ.
ಅವಳು ಕೇಳಿದ್ದು ಬೇರೆ:
ಪಕ್ಕದವರು ಬಲೆ ಬಿಡದಂತೆ,
ರಾತ್ರಿ ಮರಳಿನ ಟ್ರ್ಯಾಕ್ಟರು ಇಳಿಯದಂತೆ
ನಿಮ್ಮ ಕಾಗದ ಮಾಡೀತೆ?
ಆ ಪ್ರಶ್ನೆಗೆ ನನ್ನ ಫಾರಮ್ಮಿನಲ್ಲಿ ಜಾಗವಿಲ್ಲ.

ಜಾಗವಿರುವುದು 'ಬೆಳೆ' ಎಂಬ ಕಾಲಮ್ಮಿಗೆ,
ಖಾಲಿ ಬಿಡುವಂತಿಲ್ಲ.
ಪಹಣಿಯಲ್ಲಿದ್ದಂತೆ ಬರೆಯಲು ಹೋದೆ.
ಆಲೆಮನೆ ಹೊಗೆ ತೇಲಿ ಬಂತು.
"ಬೀಳು ಅಂತ ಬರೀಬ್ಯಾಡಿ ಸಾ," ಎಂದಳು,
"ಬಿದ್ದಿಲ್ಲ ಅದು."

ಆಮೇಲೆ ಏನು ಬರೆದೆನೋ,
ಕೆಸರು ಬೆರಳಿನ ಗುರುತು ಮೆತ್ತಿ
ಅಕ್ಷರವೇ ಕಾಣುತ್ತಿಲ್ಲ.
ಮಂಡ್ಯದ ಆಫೀಸಿನಲ್ಲಿ ಕೇಳುತ್ತಾರೆ.
ಕೇಳಲಿ.